ಶ್ರಮದಾನ ಬಿಟ್ಟಿಯಾಗದಿರಲಿ
(ಜಕ್ಕೂರು ಕೆರೆಯ ಏರಿಯ ಮೇಲೆ ಮಾಡಿದ ಭಾಷಣ)



ಈ ಬೆಳಿಗ್ಗೆ ನಾವೆಲ್ಲ ಕೂಡಿ ಕೆರೆಯ ದಂಡೆಯಲ್ಲಿ ಕಸ ಹೆಕ್ಕಿದೆವು, ಕಳೆ ಕಿತ್ತೆವು. ಇದು ಹೊಸ ಕೆಲಸವಲ್ಲ. ಹಿಂದೆ ಬೇಸಿಗೆಯಲ್ಲಿ ಊರವರೇ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು; ನೀರಗಂಟಿ ತೂಬು ಕಾಯುತ್ತಿದ್ದ. ಆದರೆ ಅಂದಿನ ದುಡಿಮೆಯಲ್ಲಿ ಬಿಟ್ಟಿಯೂ ಇತ್ತೆಂಬುದನ್ನು ಮರೆಯಬಾರದು. ಒಪ್ಪಿ ಮಾಡಿದ್ದು ಶ್ರಮದಾನ, ಒತ್ತಾಯಕ್ಕೆ ಮಾಡಿದ್ದು ಬಿಟ್ಟಿ.

ಸುಮಾರು 160 ಎಕರೆಯ ಈ ಕೆರೆ ಮಳೆಯೊಂದನ್ನೇ ನಂಬಿಲ್ಲ. ನಗರದ ಕೊಳಚೆ ಜಲಮಂಡಳಿಯ ಘಟಕದಲ್ಲಿ ಶುದ್ಧವಾಗಿ, ಜೊಂಡು ಬೆಳೆದ ಜೌಗಿನಲ್ಲಿ ಸೋಸಿ ಇಲ್ಲಿಗೆ ಬರುತ್ತದೆ. ಘಟಕ ಕೆಟ್ಟು ನಿಂತರೆ ನಮ್ಮ ನೂರು ಗುದ್ದಲಿಗಳೂ ಕೆರೆಯನ್ನು ಉಳಿಸಲಾರವು. ಆದ್ದರಿಂದ ಗುದ್ದಲಿ ಹಿಡಿದ ಕೈ ಅರ್ಜಿಯನ್ನೂ ಹಿಡಿಯಬೇಕು. ಸರಕಾರದ ಹೊಣೆಗೇಡಿತನವನ್ನು ನಮ್ಮ ಬೆವರು ಮುಚ್ಚಬಾರದು. ಡಾ. ಲೋಹಿಯಾ ಅವರು ಗುದ್ದಲಿ, ಮತ, ಸೆರೆಮನೆ ಮೂರನ್ನೂ ಒಟ್ಟಿಗೆ ಹೇಳಿದ್ದನ್ನು ನೆನೆಯೋಣ.

ಇನ್ನೊಂದು ಮಾತು. ನಾವು ಇಲ್ಲಿಗೆ ಗಾಳಿ ಸೇವಿಸಲು ಬರುವವರು. ಬಲೆ ಬೀಸುವವರು, ದನಕ್ಕೆ ಹುಲ್ಲು ಕೊಯ್ಯುವವರು ಈ ಕೆರೆಯಿಂದಲೇ ಬದುಕುವವರು. ಕೆರೆಯ ಸಭೆಯಲ್ಲಿ ಅವರ ಮಾತು ಮೊದಲು ನಡೆಯದಿದ್ದರೆ ನಮ್ಮ ಸೇವೆ ಬರೀ ಶೋಕಿ. ಮುಂದಿನ ಭಾನುವಾರ ಗುದ್ದಲಿ ಎತ್ತುವ ಮೊದಲು ಅವರ ಮನೆಬಾಗಿಲಿಗೆ ಹೋಗೋಣ.