ಕಾಲೇಜಿನ ವ್ಯವಹಾರ ಪಾಠ, ಸಂಘದ ಲೆಕ್ಕದ ಪುಸ್ತಕ
(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ನಮ್ಮನ್ನು ಈ ಶುಭ ಸಂದರ್ಭಕ್ಕೆ ಕರೆದು, "ಹುಡುಗೂರು ಓದೋ ಈ ಬಿ.ಬಿ.ಎ. ಅಂದ್ರ ಏನ್ರಿ, ಅದರಿಂದ ಉಪಯೋಗ ಏನು, ಸ್ವಲ್ಪ ತಿಳಿಸಿ ಹೇಳ್ರಿ" ಎಂದು ಕೇಳಿದ್ದೀರಿ. ಕೇಳಿದ್ದು ಯೋಗ್ಯವೇ ಆಗಿದೆ. ಮಕ್ಕಳ ಫೀ ಕಟ್ಟಲಿಕ್ಕೆ ಇದೇ ಸಂಘದಿಂದ ಸಾಲ ತೆಗೆದವರು ಈ ಸಭೆಯಲ್ಲಿ ಇದ್ದೀರಿ.

ವ್ಯಾಪಾರವನ್ನು ಕಾಲೇಜಿನಲ್ಲಿ ಕಲಿಸುವುದು ಹೊಸ ಮಾತಲ್ಲ. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ, 1913ರಲ್ಲಿಯೇ, ಮುಂಬಯಿಯಲ್ಲಿ ಸಿಡೆನ್‌ಹ್ಯಾಮ್ ಕಾಮರ್ಸ್ ಕಾಲೇಜು ಆರಂಭವಾಗಿತ್ತು. ಈಗ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಅನಗೋಳದಿಂದ ಸೈಕಲ್ ಹತ್ತಿದರೆ ಟಿಳಕವಾಡಿಯಲ್ಲೇ ಗೋಗಟೆ ಕಾಮರ್ಸ್ ಕಾಲೇಜು ಇದೆ. ಮೊದಲು ನಮ್ಮ ಜಿಲ್ಲೆಯ ಪದವಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ ಬೀಳುತ್ತಿತ್ತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇಲ್ಲಿಯೇ ಆಯಿತು. 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರು ವರ್ಷ ಎಂದರು. ಹುಡುಗರಿಗಿಂತ ಕಲಿಸುವವರೇ ಹೆಚ್ಚು ಗೊಂದಲಕ್ಕೆ ಬಿದ್ದರು. ಅದು ಇರಲಿ.

ಬಿ.ಬಿ.ಎ.ದಲ್ಲಿ ಏನು ಕಲಿಸುತ್ತೇವೆ? ಲೆಕ್ಕಪತ್ರ, ಖರ್ಚು ತೆಗೆಯುವ ಶಾಸ್ತ್ರ, ಸಂಖ್ಯಾಶಾಸ್ತ್ರ, ವ್ಯಾಪಾರದ ಕಾನೂನು, ಮಾರುಕಟ್ಟೆ, ಜನರಿಂದ ಕೆಲಸ ಮಾಡಿಸುವ ರೀತಿ, ಹೊಸ ಉದ್ಯೋಗ ಹೂಡುವ ರೀತಿ. ಹೆಸರುಗಳು ಇಂಗ್ಲಿಷಿನಲ್ಲಿ ದೊಡ್ಡವು. ಆದರೆ ಡೆಬಿಟ್ ಕ್ರೆಡಿಟ್ ಅಂದ್ರ ನಮ್ಮ ಹಿರಿಯರು ಬರೆಯುತ್ತಿದ್ದ ನಾವೆ-ಜಮಾ. ಜರ್ನಲ್, ಲೆಡ್ಜರ್ ಅಂದ್ರ ಕಿರ್ದಿ, ಖತಾವಣಿ. ಹೀಗೆ ಹೇಳಿದಾಗ ಹುಡುಗರ ಮುಖ ಅರಳುತ್ತದೆ.

ಒಂದೇ ಪಾಠವನ್ನು ಇಲ್ಲಿ ಮಾಡಿ ತೋರಿಸುತ್ತೇವೆ. ಹತ್ತು ಸಾವಿರ ರೂಪಾಯಿ ಸಾಲ, ವರ್ಷಕ್ಕೆ 12 ಟಕ್ಕೆ ಬಡ್ಡಿ, ತಿಂಗಳಿಗೊಂದರಂತೆ 12 ಸಮ ಕಂತು. ವರ್ಷವಿಡೀ ಪೂರ್ತಿ ಹತ್ತು ಸಾವಿರದ ಮೇಲೆ ಬಡ್ಡಿ ಹಿಡಿದರೆ 1,200 ರೂಪಾಯಿ. ಕಂತು ಕಟ್ಟಿದಂತೆ ಉಳಿದ ಅಸಲಿನ ಮೇಲಷ್ಟೇ ಹಿಡಿದರೆ ಸುಮಾರು 662 ರೂಪಾಯಿ. ಎರಡನ್ನೂ ಬಾಯಲ್ಲಿ 12 ಟಕ್ಕೆ ಅಂತಲೇ ಅಂತಾರ. ಮೊದಲನೆಯದರ ಖರೇ ದರ 21 ಟಕ್ಕೆ ದಾಟುತ್ತದೆ. ಟಿ.ವಿ., ಫ್ರಿಜ್, ಮೋಟಾರ್ ಸೈಕಲ್ ಕಂತಿನ ಮೇಲೆ ತರುವ ಮುಂಚೆ ಮನೆಯ ಮಗಳಿಗೋ ಮಗನಿಗೋ ಈ ಲೆಕ್ಕ ಹಾಕಲಿಕ್ಕೆ ಹೇಳ್ರಿ. ಹಾಕಲಿಕ್ಕೆ ಬರದಿದ್ದರೆ ನಮ್ಮನ್ನು ಬಂದು ಕೇಳ್ರಿ, ತಪ್ಪು ನಮ್ಮದೇ.

ಇನ್ನು ಅಢಾವೆ ಪತ್ರಿಕೆ. ವಾರ್ಷಿಕ ಸಭೆಯಲ್ಲಿ ವರದಿ ಹಂಚುತ್ತಾರೆ, ನಾವೆಲ್ಲ ಲಾಭಾಂಶ ಎಷ್ಟು ಎಂದು ನೋಡಿ ಮಡಚಿ ಕಿಸೆಗೆ ಹಾಕುತ್ತೇವೆ. ಕಾಗದದ ಮೇಲೆ ಲಾಭ ಇದ್ದು ತಿಜೋರಿಯಲ್ಲಿ ರೊಕ್ಕ ಇಲ್ಲದಿರುವುದೂ ಉಂಟು. ಕಟಬಾಕಿ ಎಷ್ಟು, ಹೋದ ವರ್ಷಕ್ಕಿಂತ ಏರಿದೆಯೋ ಇಳಿದಿದೆಯೋ, ಮುಳುಗುವ ಸಾಲಕ್ಕೆಂದು ಎಷ್ಟು ತೆಗೆದಿಟ್ಟಿದ್ದಾರೆ, ಇವು ಕೇಳಬೇಕಾದ ಮಾತು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಿವ್ವಳ ಲಾಭದ ನೂರಕ್ಕೆ 25ಕ್ಕೆ ಕಡಿಮೆಯಿಲ್ಲದಷ್ಟು ಕಾಯ್ದಿಟ್ಟ ನಿಧಿಗೆ ಹೋಗಬೇಕು. "ಲಾಭ ಪೂರ್ತಿ ನಮಗs ಹಂಚ್ರಿ" ಎಂದು ಗದ್ದಲ ಮಾಡುವವರಿಗೆ ಇದು ಗೊತ್ತಿದ್ದರೆ ಸಭೆ ಬೇಗ ಮುಗಿದೀತು. ಠೇವಣಿ ಇಟ್ಟವರು ಬಾಗಿಲು ಮುಚ್ಚಿದ ಮೇಲೆ ಲೆಕ್ಕ ಕೇಳುವ ಬದಲು ತೆರೆದಿದ್ದಾಗಲೇ ಕೇಳುವುದು ಒಳ್ಳೆಯದು.

ನಮ್ಮ ಪಠ್ಯದ ಕೊರತೆಯನ್ನೂ ಹೇಳಲೇಬೇಕು. ಸಾಮಾನ್ಯವಾಗಿ ಅದರಲ್ಲಿ ಕಂಪನಿಯದೇ ದರ್ಬಾರು. ಸಹಕಾರಿ ಸಂಘಕ್ಕೆ ಸಿಗುವುದು ಕೆಲವೇ ಪುಟ. ಕಂಪನಿಯಲ್ಲಿ ಷೇರು ಇದ್ದಷ್ಟು ಮತ, ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಈ ಭೇದವನ್ನು ಎರಡು ಮಾರ್ಕಿನ ಪ್ರಶ್ನೆ ಮಾಡಿ ಮುಗಿಸುತ್ತೇವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ಸಂಗತಿ ಪದವಿ ಮುಗಿಸಿದ ಎಷ್ಟೋ ಮಂದಿಗೆ ಗೊತ್ತಿಲ್ಲ. ಹೀಗಾಗಿ ಹುಡುಗರು ಪುಣೆ, ಬೆಂಗಳೂರಿನ ಕಂಪನಿಯ ಕನಸು ಕಾಣುತ್ತಾರೆ. ಕಾಣಲಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿಯ ಕಿರ್ದಿ ಬರೆಯುವವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರು?

ಆದ್ದರಿಂದ ಆಡಳಿತ ಮಂಡಳಿಗೆ ನಮ್ಮದೊಂದು ವಿನಂತಿ. ಪದವಿಯ ಕೊನೆಯ ಹಂತದಲ್ಲಿ ಹುಡುಗರು ಪ್ರಾಜೆಕ್ಟ್ ವರದಿ ಬರೆಯುವುದುಂಟು. ಕೆಲವರು ಹಳೆಯ ವರದಿಯನ್ನೇ ಝೆರಾಕ್ಸ್ ಮಾಡಿ ಹೊಸ ಬೈಂಡಿಂಗ್ ಹಾಕಿಸುತ್ತಾರೆ. ಅದರ ಬದಲು ಊರಿನ ಇಬ್ಬರು ವಿದ್ಯಾರ್ಥಿಗಳಿಗೆ, ಒಬ್ಬಳು ಹುಡುಗಿ ಇರಲಿ, ಸಂಘದಲ್ಲಿ ಎರಡು ತಿಂಗಳು ಕೂಡ್ರಲು ಅವಕಾಶ ಕೊಡಿ. ಸಾಲಗಾರರ ಹೆಸರು ಮುಚ್ಚಿ ಅಂಕಿಗಳನ್ನಷ್ಟೇ ತೋರಿಸಿ. ಐದು ವರ್ಷದ ಕಟಬಾಕಿ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಅವರು ಕನ್ನಡದಲ್ಲಿ ಬರೆದು ಸರ್ವಸಾಧಾರಣ ಸಭೆಯಲ್ಲಿ ಓದಲಿ. ಆಸಕ್ತಿ ಹುಟ್ಟಿದವರಿಗೆ ಮುಂದೆ ಸಹಕಾರ ಮಹಾಮಂಡಳದ ಡಿ.ಸಿ.ಎಂ. ಡಿಪ್ಲೊಮಾ ಇದೆ, ಗುಜರಾತಿನ ಆಣಂದದಲ್ಲಿ 2025ರಲ್ಲಿ ಸಹಕಾರಕ್ಕೆಂದೇ ತ್ರಿಭುವನ ವಿಶ್ವವಿದ್ಯಾಲಯವೂ ಆಗಿದೆ.

ಮಂಡಳಿ ಒಪ್ಪಿದರೆ ಮುಂದಿನ ಸೋಮವಾರವೇ ಅರ್ಜಿ ಕಳಿಸುತ್ತೇವೆ.