ಜಾಮಿಅದ ಕೀರ್ತಿ ಮತ್ತು ಸಂಶೋಧಕನ ತಿಂಗಳ ಖರ್ಚು

(ವಿದ್ಯಾರ್ಥಿವೇತನ ವಿತರಣಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ದಿಲ್ಲಿಯ ಜಾಮಿಅ ಮಿಲ್ಲಿಯ ಇಸ್ಲಾಮಿಯವು ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ 2022, 2023 ಮತ್ತು 2024ರಲ್ಲಿ ದೇಶದ ಮೂರನೆಯ ವಿಶ್ವವಿದ್ಯಾನಿಲಯವೆನಿಸಿತು. 2025ರಲ್ಲಿ ನಮ್ಮ ಮಣಿಪಾಲವು ಆ ಸ್ಥಾನಕ್ಕೇರಿದಾಗ ಜಾಮಿಅ ನಾಲ್ಕನೆಯದಾಯಿತು. 2021ರಲ್ಲಿ ನ್ಯಾಕ್ ಅದಕ್ಕೆ ಎ++ ಶ್ರೇಣಿ ನೀಡಿತ್ತು. ಅಲ್ಲಿನ ಸಂಶೋಧಕರು ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ಗೂ ಆಯ್ಕೆಯಾಗಿದ್ದಾರೆ. ಇಂತಹ ಸುದ್ದಿಗಳನ್ನು ನಾವು ಮೊಬೈಲಿನಲ್ಲಿ ಹಂಚಿಕೊಂಡು ಸಂತೋಷಪಡುತ್ತೇವೆ. ಪಡಬೇಕಾದದ್ದೇ.

ಆದರೆ ಈ ಸಾಧನೆಯ ಹಿಂದಿನ ಲೆಕ್ಕವನ್ನು ನಾವು ಓದುವುದಿಲ್ಲ. ಎನ್‌ಐಆರ್‌ಎಫ್‌ನ 100 ಅಂಕಗಳಲ್ಲಿ 30 ಅಂಕಗಳು ಸಂಶೋಧನೆಗೆ ಮೀಸಲು. ಆ ಸಂಶೋಧನೆಯ ಬಹುಪಾಲು ದುಡಿಮೆ ಪಿಎಚ್‌ಡಿ ವಿದ್ಯಾರ್ಥಿಗಳದ್ದು. ಪ್ರಧಾನಮಂತ್ರಿ ಫೆಲೋಶಿಪ್‌ನಲ್ಲಿ ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿಯೂ ವರ್ಷಕ್ಕೆ 2 ಲಕ್ಷದ ಸಂಶೋಧನಾ ಅನುದಾನವೂ ನಿಗದಿಯಾಗಿತ್ತು. ಅದು ದೊರೆಯುವುದು ಬೆರಳೆಣಿಕೆಯ ಮಂದಿಗೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ 37,000 ನಿಗದಿಯಾಯಿತು. ಅದೂ ಸಿಗದೆ ಕೇಂದ್ರೀಯ ವಿಶ್ವವಿದ್ಯಾನಿಲಯ ಸೇರಿದವರಿಗೆ ಅನೇಕ ವರ್ಷಗಳ ಕಾಲ ಸಿಕ್ಕಿದ್ದು ಕೇವಲ 8,000. ದಿಲ್ಲಿಯಂಥ ನಗರದಲ್ಲಿ ಎಂಟು ಸಾವಿರಕ್ಕೆ ಬಾಡಿಗೆಯೇ, ಊಟವೇ, ಪುಸ್ತಕವೇ?

ಈ ಅಂತರವನ್ನು ಒಂದಿಷ್ಟು ತುಂಬಿದ್ದು ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್. ಸಾಚಾರ್ ವರದಿಯ ಬಳಿಕ, 2009ರಲ್ಲಿ, ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಾಗಿ ಅದು ಆರಂಭವಾಯಿತು. ಅದರಲ್ಲಿ ಶೇ. 30 ಭಾಗ ಮಹಿಳೆಯರಿಗೆ ಮೀಸಲಾಗಿತ್ತು. 2014-15ರಿಂದ 2021-22ರ ವರೆಗೆ 6,722 ಮಂದಿ ಆಯ್ಕೆಯಾಗಿ, 738.85 ಕೋಟಿ ರೂಪಾಯಿ ವಿತರಣೆಯಾಯಿತೆಂದು ಸರಕಾರವೇ ಲೋಕಸಭೆಗೆ ತಿಳಿಸಿತು. ವಿಪರ್ಯಾಸವೇನೆಂದರೆ, 2022ರ ಡಿಸೆಂಬರ್‌ನ ಅದೇ ಉತ್ತರದಲ್ಲಿ, 2022-23ರಿಂದ ಯೋಜನೆಯನ್ನು ನಿಲ್ಲಿಸಲಾಗಿದೆ ಎಂದೂ ಹೇಳಲಾಯಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಒಬ್ಬ ವಿದ್ಯಾರ್ಥಿ ಎರಡು ಕಡೆ ಹಣ ಪಡೆಯುವುದನ್ನು ತಡೆಯಬೇಕಿದ್ದರೆ ಪರಿಶೀಲನೆ ಸಾಕಿತ್ತು, ಬಾಗಿಲನ್ನೇ ಮುಚ್ಚಬೇಕಾಗಿರಲಿಲ್ಲ. ಈಗಾಗಲೇ ಆಯ್ಕೆಯಾದವರಿಗೆ ಅವಧಿ ಮುಗಿಯುವ ತನಕ ಕೊಡುತ್ತೇವೆಂಬ ಭರವಸೆಯಿತ್ತು. ಆದರೆ 2025ರಲ್ಲಿ ಅವರಲ್ಲಿ ಅನೇಕರು ತಿಂಗಳುಗಟ್ಟಲೆ ಬಾಕಿಗಾಗಿ ಕಾಯಬೇಕಾಯಿತು.

ಸರಕಾರವನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಜಾಮಿಅದ ಚರಿತ್ರೆ ನಮ್ಮನ್ನೂ ಪ್ರಶ್ನಿಸುತ್ತದೆ. 1920ರಲ್ಲಿ ಅಲಿಗಢದಲ್ಲಿ ಹುಟ್ಟಿ 1925ರಲ್ಲಿ ದಿಲ್ಲಿಗೆ ಬಂದ ಆ ಸಂಸ್ಥೆಯು ಹಕೀಮ್ ಅಜ್ಮಲ್ ಖಾನ್‌ರ ನಿಧನಾನಂತರ ಮತ್ತೆ ಬರಿಗೈಯಾಯಿತು. ಆಗ ಡಾ. ಝಾಕಿರ್ ಹುಸೈನ್‌ರ ನೇತೃತ್ವದಲ್ಲಿ ಕೆಲವು ಅಧ್ಯಾಪಕರು, 150 ರೂಪಾಯಿಗಿಂತ ಹೆಚ್ಚು ವೇತನ ಪಡೆಯದೆ ಇಪ್ಪತ್ತು ವರ್ಷ ದುಡಿಯುವ ಪ್ರತಿಜ್ಞೆ ಮಾಡಿದರು. ಅದು ಕೇಂದ್ರೀಯ ವಿಶ್ವವಿದ್ಯಾನಿಲಯವಾದದ್ದು 1988ರಲ್ಲಿ. ಅದುವರೆಗೆ ಅದನ್ನು ಉಳಿಸಿದವರಲ್ಲಿ ಇಂತಹ ತ್ಯಾಗಿಗಳು ಮೊದಲಿಗರು.

ನಮ್ಮ ಮನೆಗಳಲ್ಲೋ, ಮಗಳು ಎಂ.ಎ. ಮುಗಿಸಿ ಪಿಎಚ್‌ಡಿ ಎಂದರೆ, 'ಇನ್ನೂ ಎಷ್ಟು ಓದುವುದು?' ಎಂಬ ಪ್ರಶ್ನೆ ಏಳುತ್ತದೆ. ಮದುವೆಯ ಹಾಲ್‌ಗೆ ಸಾಲ ಮಾಡುವಾಗ ಇಂತಹ ಪ್ರಶ್ನೆ ಏಳುವುದಿಲ್ಲ. ನಾವು ಮದ್ರಸದಿಂದ ಹೊರಬಂದು ಕಾಲೇಜು ಸೇರಿದಾಗ ನೆಟ್ ಎಂಬ ಪರೀಕ್ಷೆಯಿದೆಯೆಂದು ಹೇಳಿಕೊಡುವವರಿರಲಿಲ್ಲ. ಈಗಲೂ ಪರಿಸ್ಥಿತಿ ಬಹಳ ಬದಲಾಗಿಲ್ಲ. ಆ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು.

ಇಂದು ಇಲ್ಲಿ ಚೆಕ್ ಪಡೆದ ಮಕ್ಕಳೆಲ್ಲ ಎಸ್‌ಎಸ್‌ಎಲ್‌ಸಿ, ಪಿಯುಸಿ ಮತ್ತು ಪದವಿಯವರು. ಅರ್ಜಿ ನಮೂನೆಯನ್ನು ನಾವು ತರಿಸಿ ನೋಡಿದೆವು. 'ವ್ಯಾಸಂಗ ಮಾಡುತ್ತಿರುವ ತರಗತಿ' ಎಂಬಲ್ಲಿ ಕೊನೆಯದಾಗಿ ಸ್ನಾತಕೋತ್ತರ ಎಂದಿದೆ. ಅದರ ಕೆಳಗೆ ಇನ್ನೊಂದು ಸಾಲನ್ನು ಮುಂದಿನ ವರ್ಷದ ಮುದ್ರಣಕ್ಕೆ ಮೊದಲು ಸೇರಿಸಬೇಕೆಂದು ಅಧ್ಯಕ್ಷರಲ್ಲಿ ನಮ್ಮ ವಿನಂತಿ.