ಸಕ್ಕರೆ ಕಾಯಿಲೆ ಬಡವರಿಗೂ ಬರುತ್ತೆ

(ಹಲಸೂರಿನ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತುಗಳು)



ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಇಂದಿರಾನಗರದ ಮನೆಗಳಿಂದ ನೇರ ಇಲ್ಲಿಗೇ ಬಂದಿದ್ದೀರಿ. ಶಿವಾಜಿನಗರದಿಂದ ಹೂವಿನ ಬುಟ್ಟಿ ಹಿಡಿದೇ ಬಂದವರಿದ್ದೀರಿ. ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಬಂದವರೂ ಇದ್ದೀರಿ. ನಮಗೆ ಬಹಳ ಸಂತೋಷ.

ಇವತ್ತು ಪಾಠ ಬೇಡ. ಒಂದು ಚೀಟಿಯ ಕತೆ ಹೇಳುತ್ತೇವೆ.

ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ. ವಯಸ್ಸು 42. ನಾಲ್ಕು ಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಬೀದಿಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಬೆರಳು ಚುಚ್ಚಿ ರಕ್ತ ನೋಡಿದರು. ಕೈಗೆ ಒಂದು ಚೀಟಿ ಕೊಟ್ಟರು. ಜನ ಬಹಳ ಇದ್ದರು. ಯಾರೂ ಬಿಡಿಸಿ ಹೇಳಲಿಲ್ಲ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಚೀಟಿ ಮಡಿಸಿ ರೇಷನ್ ಕಾರ್ಡಿನೊಳಗೆ ಇಟ್ಟರು.

"ಮಗನ ಹತ್ತಿರ ಓದಿಸಬಹುದಿತ್ತಲ್ಲಾ ಅಕ್ಕ?" ಎಂದು ನಾವು ಕೇಳಿದೆವು. "ನಾಲ್ಕು ಮನೆ ನೆಲ ಒರೆಸೋಳಿಗೆ ಎಂಥ ಸಕ್ಕರೆ ಕಾಯಿಲೆ? ಅದು ಸಾಹುಕಾರರಿಗೆ ಬರೋದು ಅಂದುಕೊಂಡಿದ್ದೆ" ಅಂದರು.

ಹೋದ ವರ್ಷ ಹೊಸ ಚಪ್ಪಲಿ ಕಚ್ಚಿ ಕಾಲಿನ ಬೆರಳಿಗೆ ಗಾಯವಾಯಿತು. ನೋವೇ ಇರಲಿಲ್ಲ. ನೋವಿಲ್ಲದ ಗಾಯಕ್ಕೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ಅರಿಶಿನ ಹಚ್ಚಿದರು. ಮೂರು ವಾರ ಕಳೆಯಿತು. ಬೆರಳು ಕಪ್ಪಾಯಿತು. ಕೊನೆಗೆ ಆ ಬೆರಳನ್ನು ತೆಗೆಯಬೇಕಾಯಿತು. ಎರಡು ತಿಂಗಳು ಕೆಲಸವಿಲ್ಲ, ಕೂಲಿಯಿಲ್ಲ. ನಾಲ್ಕು ಮನೆಯಲ್ಲಿ ಎರಡು ಮನೆ ಕೈಬಿಟ್ಟು ಹೋದವು.

ಆಮೇಲೆ ಅವರು ಇಲ್ಲಿಗೆ ಕಲಿಯಲು ಬಂದರು. ಅಂಕಿ ಕಲಿತ ವಾರವೇ ಆ ಚೀಟಿ ತಂದರು. ನಮ್ಮ ಮುಂದೆ ಬಿಡಿಸಿ ಬೆರಳಿಟ್ಟು ಓದಿದರು. "ಖಾಲಿ ಹೊಟ್ಟೆ. ನೂರ ಎಂಬತ್ತಾರು." ಓದಿ, ಮತ್ತೆ ಮಡಿಸಿ ಇಟ್ಟುಕೊಂಡರು. ನಮಗೆ ಯಾರಿಗೂ ಮಾತು ಹೊರಡಲಿಲ್ಲ.

ಆ ಅಂಕಿಯ ಅರ್ಥ ಏನು? ಇದನ್ನು ಎಲ್ಲರೂ ಬರೆದುಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಿದಾಗ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. 100ರಿಂದ 125 ಇದ್ದರೆ ಗಡಿಯ ಮೇಲೆ ನಿಂತಿದ್ದೀರಿ ಎಂದು ಅರ್ಥ. 126 ಅಥವಾ ಅದಕ್ಕೆ ಮೇಲೆ ಬಂದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು. ಆಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳುತ್ತಾರೆ. ಅಕ್ಕನ ಚೀಟಿ ಎರಡು ವರ್ಷದ ಹಿಂದೆಯೇ ಕೂಗಿ ಹೇಳಿತ್ತು.

ನಮ್ಮ ಈ ದಂಡು ಪ್ರದೇಶ ಹಿಂದೆಯೂ ದೊಡ್ಡ ಕಾಯಿಲೆ ಕಂಡಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ದಂಡಿನಲ್ಲೂ ಜನ ಸತ್ತರು. ಬದುಕಿದವರು ಮನೆ ಬಿಟ್ಟು ಓಡಿದರು. ಫ್ರೇಜರ್ ಟೌನ್ ಹುಟ್ಟಿದ್ದೇ ಆ ಪ್ಲೇಗಿನ ನಂತರ. ಪ್ಲೇಗ್ ಬಂದರೆ ಊರಿಗೇ ಗೊತ್ತಾಗುತ್ತಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಾಗಲ್ಲ. ಬಂದದ್ದು ಮನೆಯವರಿಗೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಸುಮ್ಮನೆ ಒಳಗಿರುತ್ತವೆ. ಆಮೇಲೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲು, ಒಂದೊಂದನ್ನೇ ಹಿಡಿಯುತ್ತವೆ. ನಮ್ಮ ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ಹೇಳಿದೆ. ಬಿಪಿ ಇರುವವರು 31 ಕೋಟಿಗಿಂತ ಹೆಚ್ಚು. ಇಷ್ಟೊಂದು ಸಾಹುಕಾರರು ಎಲ್ಲಿದ್ದಾರೆ?

ಇದು ಹೇಗೆ ಬರುತ್ತೆ? ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಅದು ಮೈಯ ಕಣಕಣದ ಒಳಗೆ ಹೋಗಬೇಕು. ಆಗಲೇ ಶಕ್ತಿ. ಆದರೆ ಬಾಗಿಲಿಗೆ ಬೀಗ ಇದೆ. ಬೀಗದ ಕೈ ಹೆಸರು ಇನ್ಸುಲಿನ್. ಹೊಟ್ಟೆಯ ಹಿಂದೆ ಇರುವ ಒಂದು ಗ್ರಂಥಿ ಅದನ್ನು ತಯಾರು ಮಾಡುತ್ತೆ. ಹೊಟ್ಟೆಯ ಸುತ್ತ ಕೊಬ್ಬು ಬೆಳೆದರೆ ಬೀಗಕ್ಕೆ ತುಕ್ಕು ಹಿಡಿದ ಹಾಗೆ. ಕೈ ತಿರುಗಿಸಿದರೂ ಬಾಗಿಲು ತೆರೆಯದು. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ಗ್ರಂಥಿ ಇನ್ನೂ ಹೆಚ್ಚು ಕೀಲಿ ಮಾಡಿ ಮಾಡಿ ಕೊನೆಗೆ ಸೋಲುತ್ತೆ.

ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ಈ ಅಪಾಯ ಇದೆ. ಹೊಲಿಗೆಯ ಟೇಪು ತಂದು ಸೊಂಟದ ಸುತ್ತ ಅಳತೆ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಅಂದರೆ ಸುಮಾರು 31 ಇಂಚು. ಉಸಿರು ಬಿಗಿಹಿಡಿದು ಅಳೆದರೆ ಟೇಪಿಗೆ ಮೋಸ, ನಿಮಗೂ ಮೋಸ! ಬಸಿರಿಯಾಗಿದ್ದಾಗ ಸಕ್ಕರೆ ಇತ್ತು, ಹೆರಿಗೆಯಾದ ಮೇಲೆ ಹೋಯಿತು ಎನ್ನುವವರು ಇದ್ದೀರಾ? ನೀವು ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ನಿಮಗೆ ಮುಂದೆ ಇದು ಬರುವ ಸಂಭವ ಜಾಸ್ತಿ.

ಈಗ ಕಷ್ಟದ ಮಾತಿಗೆ ಬರೋಣ. ನಾವು ಹಗಲೆಲ್ಲ ದುಡಿಯುತ್ತೇವೆ. ಆದರೂ ಯಾಕೆ ಬಂತು?

ಅಕ್ಕನ ದಿನವನ್ನೇ ನೋಡಿ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾರೆ. ತಿಂಡಿ ಇಲ್ಲ. ಮೊದಲ ಮನೆಯಲ್ಲಿ ಟೀ. ಎರಡನೇ ಮನೆಯಲ್ಲಿ ಟೀ, ಜೊತೆಗೆ ಬನ್ನು. ಮೂರರಲ್ಲಿ, ನಾಲ್ಕರಲ್ಲಿ ಮತ್ತೆ ಟೀ. ಹಸಿವು ಟೀಯಲ್ಲೇ ಸಾಯುತ್ತೆ. ಮೂರು ಗಂಟೆಗೆ ಮನೆಗೆ ಬಂದು ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು. ಸಂಜೆ ಎರಡು ಟೀ. ರಾತ್ರಿ ಹತ್ತಕ್ಕೆ ಎಲ್ಲರೂ ಉಂಡ ಮೇಲೆ ಉಳಿದ ಅನ್ನ. ಪಾತ್ರೆ ಖಾಲಿಯಾಗಲಿ ಅಂತ ಇನ್ನೊಂದು ತುತ್ತು. ಉಂಡ ತಕ್ಷಣ ಮಲಗುವುದು.

ಟೀ ಲೆಕ್ಕ ಹಾಕೋಣ. ಬಳಪ ತೆಗೆದುಕೊಳ್ಳಿ. ದಿನಕ್ಕೆ 6 ಲೋಟ. ಲೋಟಕ್ಕೆ 2 ಚಮಚ. 12 ಚಮಚ ಆಯಿತು. ಒಂದು ಚಮಚ ಸುಮಾರು 5 ಗ್ರಾಂ. ದಿನಕ್ಕೆ 60 ಗ್ರಾಂ. ತಿಂಗಳಿಗೆ 1,800 ಗ್ರಾಂ. ಹತ್ತಿರ ಹತ್ತಿರ ಎರಡು ಕೆ.ಜಿ. ಸಕ್ಕರೆ, ಒಬ್ಬಳೇ ಹೆಂಗಸು, ಬರೀ ಟೀಯಲ್ಲಿ! ಇದನ್ನು ಹಲಗೆಯ ಮೇಲೆ ಬರೆದಾಗ ಅಕ್ಕ ನಕ್ಕುಬಿಟ್ಟರು. "ಮನೆಗೆ ರೇಷನ್ ತಂದರೂ ಇಷ್ಟು ಸಕ್ಕರೆ ತರಲ್ಲ ನಾನು" ಅಂದರು. ಬೆಲ್ಲ ಹಾಕಿದರೆ ಪರವಾಗಿಲ್ಲವಾ ಎಂದು ಕೆಲವರು ಕೇಳುತ್ತೀರಿ. ಇಲ್ಲ ಅಕ್ಕ, ರಕ್ತಕ್ಕೆ ಎರಡೂ ಒಂದೇ.

ಟೀ ಬಿಡಿ ಎಂದು ನಾವು ಹೇಳುವುದಿಲ್ಲ. ಆ ಲೋಟ ಹಿಡಿದು ಐದು ನಿಮಿಷ ಕೂರುವುದೇ ನಮಗೆ ಸಿಗುವ ವಿರಾಮ. ಒಂದೊಂದು ವಾರಕ್ಕೆ ಅರ್ಧರ್ಧ ಚಮಚ ಇಳಿಸಿ. ನಾಲಿಗೆ ಒಗ್ಗಿಕೊಳ್ಳುತ್ತೆ. ಮನೆ ಬಿಡುವ ಮುಂಚೆ ಏನಾದರೂ ತಿನ್ನಿ, ರಾತ್ರಿ ನೆನೆಸಿದ ಹೆಸರುಕಾಳಾದರೂ ಸರಿ.

ನಮ್ಮಲ್ಲಿ ಬಹಳ ಜನರ ಹಿರಿಯರು ಕೋಲಾರ, ಮಾಲೂರು, ಹೊಸಕೋಟೆ ಕಡೆಯಿಂದ ಬಂದವರು. ಮುದ್ದೆ, ಬಸ್ಸಾರು, ಹುರುಳಿಕಾಳು ತಿಂದವರು. ರಾಗಿ ಬೀಸುವುದು, ನೀರು ಸೇದುವುದು, ಬಟ್ಟೆ ಒಗೆಯುವುದು ಎಲ್ಲಾ ಕೈಯಲ್ಲೇ. ಆ ಕಾಲ ಮತ್ತೆ ಬರಲಿ ಎಂದು ನಾವು ಆಸೆಪಡುವುದಿಲ್ಲ. ನಮ್ಮ ಅಜ್ಜಿಯರ ಬೆನ್ನು ಮುರಿದದ್ದು ಆ ಬೀಸುವ ಕಲ್ಲಿನಿಂದಲೇ. ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ದುಡಿಮೆ ಹೋಯಿತು, ತಟ್ಟೆಯ ಕಾಳು ಸೊಪ್ಪು ಹೋಯಿತು, ಪಾಲಿಶ್ ಮಾಡಿದ ಬಿಳಿ ಅಕ್ಕಿ ಮಾತ್ರ ಹೆಚ್ಚಾಯಿತು.

ಹಾಗಂತ ರಾಗಿ ಔಷಧಿಯಲ್ಲ. ಅದರಲ್ಲೂ ಹಿಟ್ಟಿನಂಶ ಇದೆ. ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರುತ್ತೆ. ನುಣ್ಣಗೆ ಕಾಯಿಸಿದ ಗಂಜಿ ಕುಡಿದರೆ ಇನ್ನೂ ಬೇಗ ಏರುತ್ತೆ. ಒಂದು ಸಣ್ಣ ಮುದ್ದೆ, ಜೊತೆಗೆ ಸೊಪ್ಪು, ಕಾಳು ಧಾರಾಳ ಇರಲಿ. ಅನ್ನವೂ ಹಾಗೇ. ತಟ್ಟೆಯನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿ. ಅರ್ಧ ಭಾಗ ಸೊಪ್ಪು ತರಕಾರಿ. ಉಳಿದ ಅರ್ಧದಲ್ಲಿ ಅನ್ನ ಅಥವಾ ಮುದ್ದೆ ಸ್ವಲ್ಪ, ಕಾಳು, ಬೇಳೆ, ಮೊಟ್ಟೆ, ಮೀನು ಸ್ವಲ್ಪ. ಪಲ್ಯ, ಕಾಳು ಮೊದಲು ತಿಂದು ಅನ್ನ ಆಮೇಲೆ ತಿಂದರೆ ಸಕ್ಕರೆ ನಿಧಾನಕ್ಕೆ ಏರುತ್ತೆ. ತರಕಾರಿ ದುಬಾರಿ ಎನ್ನುತ್ತೀರಿ, ನಿಜ. ರಸೆಲ್ ಮಾರ್ಕೆಟ್ಟಿನ ಹತ್ತಿರವೋ ಕೆ.ಆರ್. ಪುರದ ಸಂತೆಯಲ್ಲೋ ನಾಲ್ಕು ಮನೆಯವರು ಸೇರಿ ಒಟ್ಟಿಗೆ ಕೊಂಡರೆ ಸೊಪ್ಪು ಅಗ್ಗಕ್ಕೆ ಸಿಗುತ್ತೆ.

ಉಪ್ಪು ಬಿಪಿಗೆ ದಾರಿ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಎಲ್ಲ ಆ ಲೆಕ್ಕದೊಳಗೇ.

ಇದನ್ನೆಲ್ಲ ಮಾಡಿದರೆ ಪ್ರಯೋಜನ ಇದೆಯಾ? ಇದೆ. ಚೆನ್ನೈನಲ್ಲಿ ಡಾ. ರಾಮಚಂದ್ರನ್ ಮತ್ತು ಅವರ ಜೊತೆಯವರು ಗಡಿಯ ಮೇಲೆ ನಿಂತ ಜನರನ್ನು ಮೂರು ವರ್ಷ ನೋಡಿದರು. 2006ರಲ್ಲಿ ಫಲ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದವರಲ್ಲಿ 39 ಜನರಿಗೆ ಬಂತು. ಎಲ್ಲರೂ ಪಾರಾಗಲಿಲ್ಲ ನಿಜ. ಆದರೆ ನೂರಕ್ಕೆ 16 ಮನೆ ಉಳಿಯಿತು.

ಇನ್ನು ನಡಿಗೆ. ಮನೆಗೆಲಸವೂ ವ್ಯಾಯಾಮವೇ. ನೆಲ ಒರೆಸುವುದು ಲೆಕ್ಕಕ್ಕೆ ಬರುತ್ತೆ. ಆದರೆ ಒಂದೇ ಕಡೆ ನಿಂತು ಪಾತ್ರೆ ತೊಳೆದರೆ ಕಾಲು ಊದುತ್ತೆ, ಎದೆ ಬಡಿತ ಏರುವುದಿಲ್ಲ. ಬಿರುಸಾಗಿ ನಡೆಯಬೇಕು. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸು. ವಾರಕ್ಕೆ 150 ನಿಮಿಷ. ದಿನಕ್ಕೆ 30ರಂತೆ ಐದು ದಿನ. ಹತ್ತು ಹತ್ತು ನಿಮಿಷ ಮಾಡಿದರೂ ಆಯಿತು. ನಡೆಯುವಾಗ ಕಾಲಿನ ಮಾಂಸಖಂಡ ಬೀಗದ ಕೈಗೆ ಕಾಯುವುದಿಲ್ಲ. ಹಿಂಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತೆ. ಅದಕ್ಕೇ ಊಟದ ಮೇಲೆ ಹತ್ತು ನಿಮಿಷ ನಡೆದರೆ ಅಷ್ಟು ಒಳ್ಳೆಯದು.

ಹೇಳುವುದು ಸುಲಭ. ಇಂದಿರಾನಗರದ ಅಮ್ಮಂದಿರು ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ಹೊತ್ತಿಗೆ ನಾವು ಅವರ ಮನೆಯ ಪಾತ್ರೆ ತೊಳೆಯುತ್ತಿರುತ್ತೇವೆ. ರಾತ್ರಿ ನಮ್ಮ ಗಲ್ಲಿಯಲ್ಲಿ ಬೆಳಕಿಲ್ಲ, ನಾಯಿ ಕಾಟ, ಕುಡುಕರ ಕಾಟ. "ಇವಳೇನು ದೊಡ್ಡ ಮೇಡಂ, ವಾಕಿಂಗ್ ಹೊರಟಳು" ಅಂತ ಮನೆಯಲ್ಲೇ ಹಂಗಿಸುತ್ತಾರೆ. ಒಬ್ಬಳೇ ಹೋದರೆ ಹಂಗಿಸುತ್ತಾರೆ. ಎಂಟು ಜನ ಹೋದರೆ ದಾರಿ ಬಿಡುತ್ತಾರೆ. ಇದು ನಾವು ಮಾಡಿ ನೋಡಿದ್ದು.

30 ವರ್ಷ ದಾಟಿದ ಎಲ್ಲರೂ ಸಕ್ಕರೆ, ಬಿಪಿ ಎರಡನ್ನೂ ನೋಡಿಸಿ. ಬಿಪಿ 140, ಕೆಳಗಿನದು 90 ಮುಟ್ಟಿದರೆ ಡಾಕ್ಟರನ್ನು ಕಾಣಬೇಕು. ನಮ್ಮ ಕ್ಲಿನಿಕ್ಕಿನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಶಿವಾಜಿನಗರದ ಕಡೆಯವರಿಗೆ ಬೌರಿಂಗ್ ಆಸ್ಪತ್ರೆ ಇದೆ. ಚೀಟಿ ಕೊಟ್ಟಾಗ ಅಲ್ಲೇ ಓದಿ. ಅರ್ಥವಾಗದಿದ್ದರೆ ಕೇಳಿ, ನಾಚಿಕೆ ಬೇಡ. ಮಾತ್ರೆ ಶುರುವಾದವರು ನಡೆಯುತ್ತಿದ್ದೇವೆ ಅಂತ ಮಾತ್ರೆ ಬಿಡಬೇಡಿ. ಶುಕ್ರವಾರದ ಉಪವಾಸವಾಗಲಿ, ರಂಜಾನಿನ ರೋಜಾ ಆಗಲಿ, ಮೊದಲೇ ಡಾಕ್ಟರನ್ನು ಕೇಳಿ. ಕೈ ನಡುಗಿ ಬೆವರು ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಬರಿಗಾಲಲ್ಲಿ ನಡೆಯಬೇಡಿ. ರಾತ್ರಿ ಮಲಗುವಾಗ ಪಾದ ತಿರುಗಿಸಿ ನೋಡಿ.

ಆ ಅಕ್ಕನ ಸಕ್ಕರೆ ಹೋದ ತಿಂಗಳು 118 ಇತ್ತು. ಮಾತ್ರೆ ನಡೆಯುತ್ತಿದೆ. ಈಗ ಚೀಟಿಯನ್ನು ರೇಷನ್ ಕಾರ್ಡಿನೊಳಗೆ ಇಡುವುದಿಲ್ಲ, ಗೋಡೆಗೆ ಅಂಟಿಸಿದ್ದಾರೆ. ಭಾನುವಾರ ಸಂಜೆ ಐದಕ್ಕೆ ನಾವು ಹಲಸೂರು ಕೆರೆಯ ಕಡೆ ನಡೆಯಲು ಹೋಗುತ್ತೇವೆ. ಅಕ್ಕನಿಗೆ ಬೇಗ ನಡೆಯಲು ಆಗುವುದಿಲ್ಲ, ಅವರು ಹಿಂದೆ ಬರುತ್ತಾರೆ. ಬರುವವರು ಇಲ್ಲೇ ಬಾಗಿಲ ಹತ್ತಿರ ಸೇರಿ. ಬರುವಾಗ ಮನೆಯಲ್ಲಿ ಹಳೆಯ ಚೀಟಿ ಏನಾದರೂ ಇದ್ದರೆ ತನ್ನಿ.